ತೊಟ್ಟಿಲಿನ ತೂಕ

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬುದು ನಮ್ಮ ಹಿರಿಯರ ಮಾತು. ಮಕ್ಕಳ ಬುದ್ಧಿ, ನಡತೆ, ಗುಣ ಇವುಗಳ ಪ್ರಸ್ತಾಪ ಬಂದಾಗಲೆಲ್ಲ ನಾವು ಈ ಗಾದೆಯನ್ನು ಸ್ಮರಿಸುತ್ತೇವೆ. ಆದರೆ ಐವತ್ತು ವರ್ಷದ ಗೃಹಸ್ಥನೊಬ್ಬನಿಗೆ ಈ ದಿನ ಕಾಣಿಸಿಕೊಂಡ ಎದೆನೋವಿಗೂ, ಅವನು ತಾಯಿಯ ಗರ್ಭದಲ್ಲಿ ಕಳೆದ ಒಂಬತ್ತು ತಿಂಗಳಿಗೂ ಸಂಬಂಧವುಂಟೆಂದು ಯಾರಾದರೂ ಹೇಳಿದರೆ ನಾವು ಥಟ್ಟನೆ ನಂಬುವೆವೆ? ಹೇಳಿದವರನ್ನೇ ವಿಚಿತ್ರವಾಗಿ ನೋಡುತ್ತೇವೆ. ಹಾಗಿದ್ದರೂ ಈ ಮಾತನ್ನು ಹೇಳಿದವರು ಜೋಯಿಸರಲ್ಲ, ವಿಶ್ವವಿದ್ಯಾನಿಲಯಗಳ ವಿದ್ವಾಂಸರು. ಅದಕ್ಕೆ ಅವರು ಒದಗಿಸಿದ ಸಾಕ್ಷ್ಯಗಳಲ್ಲಿ ಬಲವಾದದ್ದೊಂದು ನಮ್ಮ ಮೈಸೂರಿನ ಆಸ್ಪತ್ರೆಯೊಂದರ ಹಳೆಯ ಕಡತಗಳಿಂದಲೇ ದೊರೆತುದು.

ವಿಶ್ವವಿದ್ಯಾನಿಲಯಗಳಲ್ಲಿ ನಡೆಯುವ ಶೋಧನೆಗಳೆಂದರೆ ನಮ್ಮ ಅಡಿಗೆಮನೆಗೂ ನಡುಮನೆಗೂ ಸಂಬಂಧಪಡದ ಸಂಗತಿಗಳೆಂದು ಅನೇಕರ ಭಾವನೆ. ಆದುದರಿಂದ ಈ ಸಲ ನಾವು ನಮ್ಮ ವಾಚಕರ ಮುಂದೆ ಇಂಥ ಒಂದು ಶೋಧನೆಯ ಕಥೆಯನ್ನು ಆದಿಯಿಂದ ಇಡಬೇಕೆಂದಿದ್ದೇವೆ. ಇದು ವೈದ್ಯಶಾಸ್ತ್ರದಿಂದ ಆರಂಭವಾಗಿ ಮನಶ್ಶಾಸ್ತ್ರಕ್ಕೂ, ಅಲ್ಲಿಂದ ಮಕ್ಕಳ ವಿದ್ಯಾಭ್ಯಾಸಕ್ಕೂ, ಕಟ್ಟಕಡೆಗೆ ದುಡಿಮೆಯ ಕೂಲಿಯ ಲೆಕ್ಕಕ್ಕೂ ಹಬ್ಬಿದ ಕಥೆ. ಆದರೆ ಇದರ ಬೇರು ಮಾತ್ರ ಮನೆಯ ಹೆಣ್ಣುಮಗಳ ಊಟದ ಎಲೆಯಲ್ಲಿದೆ.

ಇಂಗ್ಲೆಂಡಿನ ಹಳೆಯ ಪುಸ್ತಕಗಳು

ಇಂಗ್ಲೆಂಡಿನಲ್ಲಿ ಹರ್ಟ್‌ಫರ್ಡ್‌ಷೈರ್ ಎಂಬ ಒಂದು ಪ್ರಾಂತವಿದೆ. ೧೯೧೧ರಲ್ಲಿ ಅಲ್ಲಿ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮಹಿಳೆ ಸೂಲಗಿತ್ತಿಯರ ಮತ್ತು ಮನೆಮನೆಗೆ ಹೋಗುವ ದಾದಿಯರ ಮೇಲ್ವಿಚಾರಕಿಯಾಗಿದ್ದರು. ಪ್ರಾಂತದಲ್ಲಿ ಹುಟ್ಟುವ ಪ್ರತಿಯೊಂದು ಕೂಸನ್ನೂ ಹುಟ್ಟಿದೊಡನೆ ತೂಗಬೇಕು, ದಾದಿಯರು ಮನೆಗೆ ಹೋಗಿ ನೋಡಿಬರಬೇಕು, ವರ್ಷ ತುಂಬಿದಾಗ ಮತ್ತೊಮ್ಮೆ ತೂಗಬೇಕು, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕು ಎಂಬ ಪದ್ಧತಿ ಅವರ ಕಾಲದಲ್ಲಿ ನೆಲೆಗೊಂಡಿತು. ಬರೆದವರಿಗೆ ಮುಂದೆ ಇದರಿಂದ ಏನು ತಿಳಿದೀತೆಂಬ ಕಲ್ಪನೆಯೂ ಇದ್ದಿರಲಾರದು. ಆ ಹೊತ್ತಿನ ಕೂಸು ಬದುಕಿ ಬೆಳೆಯಬೇಕೆಂಬುದೊಂದೇ ಅವರ ಚಿಂತೆ.

ಸುಮಾರು ಎಪ್ಪತ್ತು ವರ್ಷಗಳು ಕಳೆದ ಬಳಿಕ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಡಾಕ್ಟರ್ ಡೇವಿಡ್ ಬಾರ್ಕರ್ ಅವರ ಕೈಗೆ ಈ ಪುಸ್ತಕಗಳು ಸಿಕ್ಕಿದುವು. ಹೃದ್ರೋಗವೆಂದರೆ ಉಳ್ಳವರ ರೋಗ, ತುಪ್ಪ ಬೆಣ್ಣೆಗಳ ರೋಗ ಎಂಬುದು ಆಗಿನ ಸಾಮಾನ್ಯ ಅಭಿಪ್ರಾಯ. ಹಾಗಿರುವಾಗ ಇಂಗ್ಲೆಂಡಿನಲ್ಲಿ ಅದು ಬಡ ಪ್ರಾಂತಗಳಲ್ಲಿಯೇ ಹೆಚ್ಚಾಗಿ ಜನರನ್ನು ಬಲಿತೆಗೆದುಕೊಳ್ಳುತ್ತಿದ್ದುದೇಕೆ ಎಂಬ ಪ್ರಶ್ನೆ ಬಾರ್ಕರರನ್ನು ಕಾಡುತ್ತಿತ್ತು. ಅವರೂ ಅವರ ಸಹೋದ್ಯೋಗಿಗಳೂ ೧೯೧೧ರಿಂದ ೧೯೩೦ರವರೆಗೆ ಹುಟ್ಟಿದ ೫,೬೫೪ ಗಂಡಸರ ಹೆಸರುಗಳನ್ನು ಹಿಡಿದು, ಅವರಲ್ಲಿ ಯಾರು ಬದುಕಿದ್ದಾರೆ, ಯಾರು ಯಾವ ಕಾರಣದಿಂದ ತೀರಿಕೊಂಡರು ಎಂಬುದನ್ನು ಹುಡುಕಿದರು. ೧೯೮೯ರಲ್ಲಿ ಅವರು ಪ್ರಕಟಿಸಿದ ಫಲಿತಾಂಶವು ವೈದ್ಯಲೋಕವನ್ನು ಬೆರಗುಗೊಳಿಸಿತು. ಹುಟ್ಟಿದಾಗಲೂ ವರ್ಷ ತುಂಬಿದಾಗಲೂ ತೂಕ ಕಡಿಮೆಯಿದ್ದವರೇ ಹೃದ್ರೋಗದಿಂದ ಅತಿ ಹೆಚ್ಚಾಗಿ ಮಡಿದಿದ್ದರು.

ಇದಕ್ಕೆ ಬಾರ್ಕರರು ಕೊಟ್ಟ ವಿವರಣೆ ಹೀಗೆ. ಗರ್ಭದಲ್ಲಿರುವ ಶಿಶುವಿಗೆ ಆಹಾರ ಸಾಲದಾದರೆ ಅದು ಇದ್ದುದರಲ್ಲಿಯೇ ಸಂಸಾರ ತೂಗಿಸುತ್ತದೆ. ಬರಗಾಲದಲ್ಲಿ ಜಾಣ ಗೃಹಿಣಿಯೊಬ್ಬಳು ಹಬ್ಬದ ಖರ್ಚನ್ನು ನಿಲ್ಲಿಸಿ ನಿತ್ಯದ ಗಂಜಿಗೆ ಅಕ್ಕಿಯನ್ನು ಉಳಿಸುವಂತೆ, ಶಿಶುವು ಮಿದುಳಿಗೆ ಮೊದಲು ಬಡಿಸಿ ಉಳಿದ ಅಂಗಗಳಿಗೆ ಮಿಕ್ಕದ್ದನ್ನು ಹಂಚುತ್ತದೆ. ಪ್ರಾಣವೇನೋ ಉಳಿಯುತ್ತದೆ. ಆದರೆ ಮೂತ್ರಪಿಂಡ, ಯಕೃತ್ತು, ಮಾಂಸಖಂಡ, ರಕ್ತನಾಳ ಇವುಗಳಲ್ಲಿ ಒಂದಿಷ್ಟು ಕೊರತೆ ನಿಂತುಬಿಡುತ್ತದೆ. ಆ ಸಾಲವನ್ನು ಶರೀರವು ನಲವತ್ತೈವತ್ತು ವರ್ಷಗಳ ಮೇಲೆ ತೀರಿಸಬೇಕಾಗಿ ಬರುತ್ತದೆ.

ಮೈಸೂರಿನ ಮಿಷನ್ ಆಸ್ಪತ್ರೆ

ಬಿಳಿಯರ ನಾಡಿನಲ್ಲಿ ಕಂಡುದು ನಮ್ಮ ನಾಡಿಗೂ ಸಲ್ಲುವುದೇ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟಿತು. ಅದಕ್ಕೆ ಉತ್ತರ ಬೇಕಾದರೆ ಭಾರತದಲ್ಲಿಯೂ ಅಂಥ ಹಳೆಯ ಲೆಕ್ಕಗಳು ಸಿಕ್ಕಬೇಕಷ್ಟೆ. ಅವು ಸಿಕ್ಕಿದ್ದು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ. ಮಂಡಿ ಮೊಹಲ್ಲದಲ್ಲಿರುವ ಈ ಆಸ್ಪತ್ರೆ ೧೯೦೬ರಲ್ಲಿ ಸ್ಥಾಪನೆಯಾದುದು. ಊರಿನವರ ಬಾಯಲ್ಲಿ ಅದು ಎಂದಿಗೂ ಮಿಷನ್ ಆಸ್ಪತ್ರೆಯೇ. ಮೈಸೂರಿನ ಹಳೆಯ ಕುಟುಂಬಗಳಲ್ಲಿ ಅಲ್ಲಿ ಹೆತ್ತ ಅಜ್ಜಿಯರೂ ಅಲ್ಲಿ ಹುಟ್ಟಿದ ಅಜ್ಜಂದಿರೂ ಎಷ್ಟೋ ಮಂದಿ ಇದ್ದಾರೆ.

ಈ ಆಸ್ಪತ್ರೆಯಲ್ಲಿ ೧೯೩೪ರಿಂದ ಹೆರಿಗೆಯ ವಿವರಗಳನ್ನು ಬಹು ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಕೂಸಿನ ತೂಕ ಎಷ್ಟು ಪೌಂಡು, ಉದ್ದವೆಷ್ಟು, ತಲೆಯ ಸುತ್ತಳತೆಯೆಷ್ಟು ಎಂಬಿವು ಮಾತ್ರವಲ್ಲದೆ, ತಾಯಿಯ ತೂಕವೂ ಆಕೆಯ ಕಟಿಯೆಲುಬಿನ ಅಳತೆಯೂ ಅಲ್ಲಿ ದಾಖಲಾಗಿದ್ದುವು. ಮಹಾರಾಜರ ಕಾಲದ ಮೈಸೂರಿನಲ್ಲಿ, ನಡುರಾತ್ರಿಯ ಹೆರಿಗೆಯ ಗಡಿಬಿಡಿಯಲ್ಲಿಯೂ ಕೂಸನ್ನು ತಕ್ಕಡಿಗೆ ಹಾಕಿ, ಪಟ್ಟಿ ಹಿಡಿದು ಅಳೆದು, ಅಂಕಿಗಳನ್ನು ಬರೆದಿಟ್ಟ ಆ ದಾದಿಯರನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಅವರ ಅಂಕಿಗಳಿಲ್ಲದಿದ್ದರೆ ಇಂದಿನ ಪಂಡಿತರ ಪಾಂಡಿತ್ಯಕ್ಕೆ ಹಿಡಿದು ನಿಲ್ಲಲು ಕಂಬವೇ ಇರುತ್ತಿರಲಿಲ್ಲ.

೧೯೯೦ರ ದಶಕದಲ್ಲಿ ಸೌತಾಂಪ್ಟನ್ನಿನ ಡಾಕ್ಟರ್ ಕೆರೊಲಿನ್ ಫಾಲ್ ಮೊದಲಾದವರೂ ಮೈಸೂರಿನ ವೈದ್ಯರೂ ಜೊತೆಗೂಡಿ, ೧೯೩೪ರಿಂದ ೧೯೫೪ರವರೆಗೆ ಆ ಆಸ್ಪತ್ರೆಯಲ್ಲಿ ಹುಟ್ಟಿ, ಇನ್ನೂ ಅದರ ಸುತ್ತಮುತ್ತಲ ಬೀದಿಗಳಲ್ಲಿಯೇ ವಾಸವಾಗಿದ್ದ ಸ್ತ್ರೀಪುರುಷರನ್ನು ಹುಡುಕಿ ತೆಗೆದರು. ಹುಟ್ಟಿದ ದಿನ, ತಾಯ್ತಂದೆಯರ ಹೆಸರು ಇವನ್ನು ಪುಸ್ತಕದಲ್ಲಿದ್ದ ಬರಹದೊಡನೆ ಹೊಂದಿಸಿ ನೋಡುವುದು ಸಾಮಾನ್ಯ ಶ್ರಮವಲ್ಲ. ಹೀಗೆ ದೊರೆತ ೫೧೭ ಮಂದಿಯ ಹೃದಯಗಳನ್ನು ಪರೀಕ್ಷಿಸಿದಾಗ ತಿಳಿದುಬಂದ ಸಂಗತಿಯನ್ನು ೧೯೯೬ರಲ್ಲಿ ಪ್ರಕಟಿಸಿದರು. ಹುಟ್ಟಿದಾಗ ಐದೂವರೆ ಪೌಂಡು, ಎಂದರೆ ಸುಮಾರು ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದ್ರೋಗವಿತ್ತು. ಏಳು ಪೌಂಡಿಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ ೩ ಮಂದಿಗೆ ಮಾತ್ರ ಇತ್ತು. ಹರ್ಟ್‌ಫರ್ಡ್‌ಷೈರಿನ ಮಾತನ್ನು ಮೈಸೂರೂ ಒಪ್ಪಿಕೊಂಡಂತಾಯಿತು.

ಎದುರು ನೋಡದ ಉತ್ತರ

ಆದರೆ ಸಕ್ಕರೆ ಕಾಯಿಲೆಯ ವಿಷಯಕ್ಕೆ ಬಂದಾಗ ಮೈಸೂರು ಇಂಗ್ಲೆಂಡಿನ ಪಾಠವನ್ನು ಹಾಗೆಯೇ ಒಪ್ಪಿಸಲಿಲ್ಲ. ಸಣ್ಣ ಕೂಸುಗಳಾಗಿ ಹುಟ್ಟಿದವರಿಗೇ ಮಧುಮೇಹ ಹೆಚ್ಚಾಗಿರಬೇಕೆಂದು ಶೋಧಕರು ಎಣಿಸಿದ್ದರು. ೫೦೬ ಮಂದಿಯನ್ನು ಪರೀಕ್ಷಿಸಿ ೧೯೯೮ರಲ್ಲಿ ಅವರು ಬರೆದ ಲೇಖನದಲ್ಲಿ ಬೇರೊಂದು ಚಿತ್ರ ಕಂಡಿತು. ಹುಟ್ಟಿದಾಗ ಉದ್ದದಲ್ಲಿ ಗಿಡ್ಡಾಗಿ, ಆ ಉದ್ದಕ್ಕೆ ಹೋಲಿಸಿದರೆ ಗುಂಡಗಿದ್ದವರಲ್ಲಿ ಮಧುಮೇಹವು ಹೆಚ್ಚಾಗಿತ್ತು. ಅವರ ತಾಯಂದಿರು ಇತರ ತಾಯಂದಿರಿಗಿಂತ ಹೆಚ್ಚು ತೂಕದವರಾಗಿದ್ದರು.

ಇದರ ಮರ್ಮವೇನು? ಫಾಲ್ ಅವರು ಊಹಿಸಿದುದು ಇಷ್ಟು. ಚಿಕ್ಕಂದಿನಲ್ಲಿ ಅರೆಹೊಟ್ಟೆಯಲ್ಲಿ ಬೆಳೆದ ಹೆಣ್ಣು ದೊಡ್ಡವಳಾದ ಮೇಲೆ ಪೇಟೆಯ ಜೀವನಕ್ಕೆ ಬಂದು ಮೈದುಂಬಿಕೊಂಡಳೆನ್ನಿ. ಆಕೆಯ ಶರೀರವು ಕೊರತೆಗೆ ಹೊಂದಿಕೊಂಡು ಬೆಳೆದುದಾದ್ದರಿಂದ ಸಮೃದ್ಧಿಯನ್ನು ಸಂಭಾಳಿಸಲಾರದು. ಗರ್ಭಕಾಲದಲ್ಲಿ ರಕ್ತದ ಸಕ್ಕರೆ ಏರುತ್ತದೆ. ಆ ಸಕ್ಕರೆ ಕೂಸಿಗೂ ಹರಿದು ಅದನ್ನು ಗುಂಡಗೆ ಮಾಡುತ್ತದೆ. ಹೀಗೆ ಒಂದು ತಲೆಮಾರಿನ ಹಸಿವೂ ಅದರ ಬೆನ್ನಿಗೇ ಬಂದ ಸುಭಿಕ್ಷವೂ ಸೇರಿ ಮುಂದಿನ ತಲೆಮಾರಿಗೆ ರೋಗವನ್ನು ಬಳುವಳಿಯಾಗಿ ಕೊಡುತ್ತವೆ.

ಪುಣೆಯ ಡಾಕ್ಟರ್ ಯಾಜ್ಞಿಕ್ ಅವರು ಹಳ್ಳಿಗಳ ಕೂಸುಗಳನ್ನು ಅಳೆದು ಕಂಡ ಸಂಗತಿಯೂ ಇದಕ್ಕೆ ಹೊಂದಿಕೊಳ್ಳುತ್ತದೆ. ಆ ಕೂಸುಗಳ ಸರಾಸರಿ ತೂಕ ೨.೭ ಕಿಲೋಗ್ರಾಂ, ಸೌತಾಂಪ್ಟನ್ನಿನ ಕೂಸುಗಳದು ೩.೫ ಕಿಲೋಗ್ರಾಂ. ಆದರೆ ನಮ್ಮ ಕೂಸುಗಳಲ್ಲಿ ಕಡಿಮೆಯಾದುದು ಮುಖ್ಯವಾಗಿ ಮಾಂಸಖಂಡ ಮತ್ತು ಹೊಟ್ಟೆಯ ಅಂಗಗಳು; ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಮೈಸೂರಿನ ಕೂಸುಗಳನ್ನು ಅಳೆದಾಗಲೂ ಬೆನ್ನಿನ ಮೇಲಿನ ಕೊಬ್ಬು ಇಂಗ್ಲೆಂಡಿನ ಕೂಸುಗಳಿಗೆ ಸಮೀಪವಾಗಿಯೇ ಇತ್ತು. ನೋಡುವುದಕ್ಕೆ ಬಡಕಲು, ಒಳಗೆ ಕೊಬ್ಬು. ಅಷ್ಟೇನೂ ದಪ್ಪಗಿಲ್ಲದ ನಮ್ಮವರಿಗೆ ನಲವತ್ತಕ್ಕೆಲ್ಲ ಸಕ್ಕರೆ ಕಾಯಿಲೆ ಬರುವುದೇಕೆಂದು ಬೆರಗಾಗುವವರಿಗೆ ಇದು ಒಂದು ಉತ್ತರ.

ಗರ್ಭದಿಂದ ಶಾಲೆಯವರೆಗೆ

ಹಳೆಯ ಪುಸ್ತಕಗಳಿಂದ ಎಲ್ಲವೂ ತಿಳಿಯುವುದಿಲ್ಲ. ೧೯೩೪ರ ತಾಯಂದಿರ ರಕ್ತದಲ್ಲಿ ಸಕ್ಕರೆ ಎಷ್ಟಿತ್ತೆಂದು ಇಂದು ಯಾರು ಹೇಳಬಲ್ಲರು? ಆದುದರಿಂದ ೧೯೯೭–೯೮ರಲ್ಲಿ ಅದೇ ಆಸ್ಪತ್ರೆಯಲ್ಲಿ ಹೊಸದಾಗಿ ಒಂದು ಅಧ್ಯಯನವನ್ನು ಆರಂಭಿಸಿದರು. ಅದಕ್ಕೆ ಪಾರ್ಥೆನಾನ್ ಅಧ್ಯಯನವೆಂದು ಹೆಸರು. ಪರೀಕ್ಷೆಗೆ ಬಂದ ಗರ್ಭಿಣಿಯರ ರಕ್ತವನ್ನು ತೆಗೆದಿಟ್ಟು, ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ಅಳೆದು ನೋಡುತ್ತ ಬಂದರು. ಮೈಸೂರಿನ ಡಾಕ್ಟರ್ ಕೃಷ್ಣವೇಣಿ, ಡಾಕ್ಟರ್ ವೀಣಾ ಮೊದಲಾದವರ ದೀರ್ಘ ಪರಿಶ್ರಮ ಇದರ ಹಿಂದಿದೆ.

ಪರೀಕ್ಷೆ ಮಾಡಿದ ೭೮೫ ಗರ್ಭಿಣಿಯರಲ್ಲಿ ೪೯ ಮಂದಿಗೆ, ಎಂದರೆ ನೂರಕ್ಕೆ ಆರಕ್ಕಿಂತ ತುಸು ಹೆಚ್ಚು ಮಂದಿಗೆ, ಗರ್ಭಕಾಲದ ಸಕ್ಕರೆ ಕಾಯಿಲೆಯಿತ್ತು. ಅಂಥ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬು ಹೆಚ್ಚಾಗಿದ್ದುದೂ, ಒಂಬತ್ತೂವರೆಯ ಹೊತ್ತಿಗೆ ಆ ಮಕ್ಕಳ ರಕ್ತದಲ್ಲಿ ಮುಂದಿನ ರೋಗದ ಸುಳುಹುಗಳು ತೋರಿದುದೂ ಶೋಧಕರ ಕಣ್ಣಿಗೆ ಬಿದ್ದಿತು. ಬೀಜದಲ್ಲಿಯೇ ಬಿದ್ದ ಗೆರೆ ಎಲೆಯಲ್ಲಿ ಕಾಣಿಸಿಕೊಂಡಂತೆ! ಮತ್ತೊಂದು ಸಂಗತಿ ಇನ್ನೂ ಗಮನಾರ್ಹ. ಆ ಗರ್ಭಿಣಿಯರಲ್ಲಿ ನೂರಕ್ಕೆ ೪೩ ಮಂದಿಯ ರಕ್ತದಲ್ಲಿ ಬಿ-೧೨ ಎಂಬ ಜೀವಸತ್ವ ಸಾಲದಾಗಿತ್ತು. ಈ ಜೀವಸತ್ವವು ಸಸ್ಯಗಳಲ್ಲಿ ದೊರೆಯದು; ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಇವುಗಳಿಂದಲೇ ದೊರೆಯಬೇಕು. ಮನೆಯಲ್ಲಿ ಹಾಲು ಮೊಸರು ಇದ್ದರೂ ಗಂಡಸರಿಗೂ ಮಕ್ಕಳಿಗೂ ಬಡಿಸಿದ ಮೇಲೆ ಸೊಸೆಯ ಪಾಲಿಗೆ ನೀರುಮಜ್ಜಿಗೆ ಉಳಿಯುವ ಸಂಸಾರಗಳು ನಮ್ಮಲ್ಲಿ ಕಡಿಮೆಯೆ?

ಮಕ್ಕಳು ಒಂಬತ್ತು ಹತ್ತು ವರ್ಷದವರಾದಾಗ ಮನಶ್ಶಾಸ್ತ್ರದ ಸರದಿ ಬಂದಿತು. ೫೩೬ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ನೆನಪಿನ ಶಕ್ತಿ, ಕಲಿಕೆ, ಗಮನ, ಮಾತಿನ ಸಾಮರ್ಥ್ಯ, ಆಕಾರಗಳನ್ನು ಕಂಡು ಜೋಡಿಸುವ ಜಾಣ್ಮೆ ಇವೆಲ್ಲವನ್ನೂ ಬಗೆಬಗೆಯ ಆಟದಂಥ ಪರೀಕ್ಷೆಗಳಿಂದ ಅಳೆದರು. ಗರ್ಭಕಾಲದಲ್ಲಿ ಯಾವ ತಾಯಂದಿರ ರಕ್ತದಲ್ಲಿ ಫೋಲೇಟ್ ಎಂಬ ಸತ್ವ ಹೆಚ್ಚಾಗಿತ್ತೋ ಅವರ ಮಕ್ಕಳು ಈ ಪರೀಕ್ಷೆಗಳಲ್ಲಿ ಒಂದಿಷ್ಟು ಮೇಲಾಗಿದ್ದರು. ತಾಯ್ತಂದೆಯರ ವಿದ್ಯೆ, ಮನೆಯ ಸ್ಥಿತಿಗತಿ ಇವುಗಳ ಪ್ರಭಾವವನ್ನು ಕಳೆದು ನೋಡಿದರೂ ಈ ಸಂಬಂಧ ಉಳಿಯಿತೆಂದು ೨೦೧೦ರಲ್ಲಿ ಅವರು ವರದಿ ಮಾಡಿದರು. ಫೋಲೇಟ್ ಎಂಬುದು ಯಾವ ಅಪರೂಪದ ವಸ್ತುವೂ ಅಲ್ಲ. ನಮ್ಮ ಸೊಪ್ಪುಗಳಲ್ಲಿ, ಬೇಳೆಕಾಳುಗಳಲ್ಲಿ ಅದು ಬೇಕಾದಷ್ಟಿದೆ. ಸೊಪ್ಪನ್ನು ಬಹಳ ಹೊತ್ತು ಬೇಯಿಸಿ ನೀರನ್ನು ಬಸಿದು ಚೆಲ್ಲಿದರೆ ಅದರ ಜೊತೆಗೆ ಇದೂ ಬಚ್ಚಲಿಗೆ ಹೋಗುತ್ತದೆ, ಅಷ್ಟೆ.

ಇದೇ ಮಕ್ಕಳಲ್ಲಿ ಕೆಲವರು ಹದಿಮೂರು ಹದಿನಾಲ್ಕರ ವಯಸ್ಸಿಗೆ ಬಂದಾಗ ಅವರನ್ನು ಅಪರಿಚಿತರ ಎದುರು ನಿಲ್ಲಿಸಿ ಮಾತನಾಡಿಸಿದರು, ಬಾಯಿಲೆಕ್ಕ ಮಾಡಿಸಿದರು, ಆಗ ಅವರ ಎದೆ ಹೇಗೆ ಬಡಿಯುತ್ತದೆ, ಎಂಜಲಿನಲ್ಲಿ ಆತಂಕದ ರಸ ಎಷ್ಟು ಏರುತ್ತದೆ ಎಂಬುದನ್ನೂ ಅಳೆದರು. ಕಿವಿ ಹಿಂಡುವ ಮೇಷ್ಟರ ಮುಂದೆ ಮಗ್ಗಿ ಒಪ್ಪಿಸಿದವರಿಗೆಲ್ಲ ಆ ಮಕ್ಕಳ ಅವಸ್ಥೆ ಚೆನ್ನಾಗಿ ಅರ್ಥವಾದೀತು.

ಗಂಜಿಯಿಂದ ಕೂಲಿಯವರೆಗೆ

ಚಿಕ್ಕಂದಿನ ಆಹಾರವು ದೊಡ್ಡವರಾದ ಮೇಲಿನ ಗಳಿಕೆಯನ್ನೂ ಮುಟ್ಟುವುದೇ ಎಂಬುದಕ್ಕೆ ಉತ್ತರವನ್ನು ನಾವು ಬಹು ದೂರದ ಗ್ವಾಟೆಮಾಲ ದೇಶದಲ್ಲಿ ಹುಡುಕಬೇಕು. ೧೯೬೯ರಿಂದ ೧೯೭೭ರವರೆಗೆ ಅಲ್ಲಿನ ನಾಲ್ಕು ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಗಳಲ್ಲಿ ಹಾಲಿನ ಪುಡಿ ಸೇರಿದ ಪುಷ್ಟಿಕರವಾದ ಗಂಜಿಯನ್ನೂ, ಉಳಿದೆರಡು ಹಳ್ಳಿಗಳಲ್ಲಿ ಸಾಮಾನ್ಯವಾದ ಸಿಹಿ ಪಾನಕವನ್ನೂ ಕೊಟ್ಟರು. ಮೂವತ್ತು ವರ್ಷಗಳು ಕಳೆದ ಮೇಲೆ, ಅಮೆರಿಕದ ಎಮರಿ ವಿಶ್ವವಿದ್ಯಾನಿಲಯದವರೂ ಸೇರಿದಂತೆ ಶೋಧಕರು ಆ ಮಕ್ಕಳನ್ನು ಹುಡುಕಿಕೊಂಡು ಹೋದರು. ಮೂರು ವರ್ಷ ತುಂಬುವುದಕ್ಕೆ ಮೊದಲೇ ಪುಷ್ಟಿಯ ಗಂಜಿಯನ್ನು ಕುಡಿದ ಹುಡುಗರು ಗಂಡಸರಾದಾಗ ಒಂದು ಗಂಟೆಯ ದುಡಿಮೆಗೆ ಇತರರಿಗಿಂತ ಸುಮಾರು ನೂರಕ್ಕೆ ೪೬ರಷ್ಟು ಹೆಚ್ಚು ಗಳಿಸುತ್ತಿದ್ದರೆಂದು ೨೦೦೮ರಲ್ಲಿ ಪ್ರಕಟವಾಯಿತು. ಹೆಂಗಸರ ಕೂಲಿಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರು ಶಾಲೆಯಲ್ಲಿ ಒಂದು ತರಗತಿಗೂ ಮಿಕ್ಕಿ ಹೆಚ್ಚಾಗಿ ಓದಿದ್ದರು. ವಿದ್ಯೆ ಹೆಚ್ಚಿದರೂ ಹೆಣ್ಣಿನ ಕೂಲಿ ಹೆಚ್ಚದಿದ್ದುದಕ್ಕೆ ಗಂಜಿಯನ್ನು ದೂರಿ ಫಲವಿಲ್ಲ.

ಅರ್ಥಶಾಸ್ತ್ರಜ್ಞರು ಇಂಥ ಅಂಕಿಗಳನ್ನು ಮುಂದಿಟ್ಟುಕೊಂಡು, ಕೂಸಿಗೂ ತಾಯಿಗೂ ಉಣಬಡಿಸುವುದಕ್ಕೆ ಸರ್ಕಾರ ಮಾಡುವ ವೆಚ್ಚವು ದಾನದ ಲೆಕ್ಕಕ್ಕೆ ಸೇರದೆ ಬಂಡವಾಳದ ಲೆಕ್ಕಕ್ಕೆ ಸೇರಬೇಕೆನ್ನುತ್ತಾರೆ. ರಾಗಿ ಬಿತ್ತುವ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಿತ್ತನೆಯ ಕಾಳನ್ನು ಅವನು ಎಂದೂ ಹೊಟ್ಟೆಗೆ ಹಾಕಿಕೊಳ್ಳುವುದಿಲ್ಲ.

ತಪ್ಪಾಗಿ ತಿಳಿಯಬಾರದ ಮಾತುಗಳು

ಇಷ್ಟನ್ನು ಓದಿದ ಕೆಲವು ತಾಯಂದಿರ ಎದೆ ಅಳುಕಿರಬಹುದು. ನನ್ನ ಮಗು ಎರಡೇ ಕಿಲೋ ಇತ್ತಲ್ಲ, ಮುಂದೆ ಅದರ ಗತಿಯೇನು ಎಂಬ ಕಳವಳ ಹುಟ್ಟಿರಬಹುದು. ಆದುದರಿಂದ ಕೆಲವು ಮಾತುಗಳನ್ನು ಇಲ್ಲಿ ಒತ್ತಿ ಹೇಳುವುದು ನಮ್ಮ ಕರ್ತವ್ಯ.

ಮೊದಲನೆಯದಾಗಿ, ನೂರಕ್ಕೆ ಹನ್ನೊಂದು ಎಂಬ ಅಂಕಿಯನ್ನು ತಿರುಗಿಸಿ ಓದಬೇಕು. ಹಗುರವಾಗಿ ಹುಟ್ಟಿದ ನೂರು ಜನರಲ್ಲಿ ಎಂಬತ್ತೊಂಬತ್ತು ಮಂದಿಗೆ ಪರೀಕ್ಷೆಯ ಹೊತ್ತಿಗೆ ಹೃದ್ರೋಗ ಇರಲಿಲ್ಲ. ಹುಟ್ಟಿದ ತೂಕವು ಹಣೆಯ ಬರಹವಲ್ಲ. ಹೊಗೆಸೊಪ್ಪು, ಮೈಬಗ್ಗದ ಜೀವನ, ಮಿತಿಮೀರಿದ ಊಟ, ರಕ್ತದ ಒತ್ತಡ ಇವುಗಳ ಪಾಲೂ ರೋಗದಲ್ಲಿ ಉಂಟು. ಅವು ಬಹುಮಟ್ಟಿಗೆ ನಮ್ಮ ಕೈಯಲ್ಲಿವೆ.

ಎರಡನೆಯದಾಗಿ, ಎರಡು ಸಂಗತಿಗಳು ಜೊತೆಯಲ್ಲಿ ಕಂಡವೆಂದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವೆಂದು ಸಾಧಿಸಿದಂತಾಗದು. ಬಡತನವು ಕೂಸಿನ ತೂಕವನ್ನೂ ತಗ್ಗಿಸಬಹುದು, ಮುಂದಿನ ಆರೋಗ್ಯವನ್ನೂ ಕೆಡಿಸಬಹುದು. ಮೈಸೂರಿನ ಶೋಧಕರಿಗೆ ಸಿಕ್ಕಿದವರು ಆಸ್ಪತ್ರೆಯಲ್ಲಿ ಹುಟ್ಟಿ, ಬದುಕುಳಿದು, ಊರು ಬಿಡದೆ ನಿಂತವರು ಮಾತ್ರ ಎಂಬುದನ್ನೂ ಮರೆಯಬಾರದು. ಆದುದರಿಂದಲೇ ವಿದ್ವಾಂಸರು ಲೆಕ್ಕದ ಪುಸ್ತಕಗಳಿಗೆ ನಿಲ್ಲದೆ ಪ್ರಯೋಗಕ್ಕೆ ಇಳಿದರು. ಮುಂಬಯಿಯ ಕೊಳೆಗೇರಿಗಳಲ್ಲಿ ೬,೫೧೩ ಹೆಂಗಸರನ್ನು ಎರಡು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ಸೊಪ್ಪು, ಹಣ್ಣು, ಹಾಲು ಸೇರಿದ ತಿಂಡಿಯನ್ನೂ, ಮತ್ತೊಂದಕ್ಕೆ ಆಲೂಗೆಡ್ಡೆ, ಈರುಳ್ಳಿಯಂಥವುಗಳಿಂದ ಮಾಡಿದ ತಿಂಡಿಯನ್ನೂ, ಬಸುರಾಗುವುದಕ್ಕೆ ಮುಂಚಿನಿಂದಲೇ ಕೊಡುತ್ತ ಬಂದರು. ೨೦೧೪ರಲ್ಲಿ ಹೊರಬಿದ್ದ ಫಲಿತಾಂಶವು ಕೆಲವರನ್ನು ನಿರಾಶೆಗೊಳಿಸಿತು. ಒಟ್ಟಾರೆ ನೋಡಿದರೆ ಕೂಸುಗಳ ತೂಕದಲ್ಲಿ ಖಚಿತವಾದ ವ್ಯತ್ಯಾಸವಿರಲಿಲ್ಲ. ಬಸುರಾಗುವುದಕ್ಕೆ ಮೂರು ತಿಂಗಳಾದರೂ ಮೊದಲಿನಿಂದ ತಿಂಡಿ ತಿಂದವರ ಕೂಸುಗಳು ಮಾತ್ರ ಸರಾಸರಿ ೪೮ ಗ್ರಾಂ ಹೆಚ್ಚು ತೂಗಿದುವು; ತೀರ ಬಡಕಲಾಗಿದ್ದ ತಾಯಂದಿರಿಗೆ ಈ ಲಾಭವೂ ದೊರೆಯಲಿಲ್ಲ. ಆದರೆ ಇನ್ನೊಂದು ಕಡೆಯಿಂದ ಶುಭವಾರ್ತೆ ಬಂದಿತು. ಪರೀಕ್ಷೆಗೆ ಒಳಗಾದ ಗರ್ಭಿಣಿಯರ ಪೈಕಿ, ಸೊಪ್ಪು ಹಾಲಿನ ತಿಂಡಿ ತಿಂದವರಲ್ಲಿ ಗರ್ಭಕಾಲದ ಸಕ್ಕರೆ ಕಾಯಿಲೆ ನೂರಕ್ಕೆ ೭.೩ರಷ್ಟಿದ್ದರೆ, ಇತರರಲ್ಲಿ ೧೨.೪ರಷ್ಟಿತ್ತು. ತಮ್ಮ ನಿರೀಕ್ಷೆ ಹುಸಿಯಾದುದನ್ನೂ ಮುಚ್ಚಿಡದೆ ಬರೆದ ಈ ಪ್ರಾಮಾಣಿಕತೆಯೇ ವಿದ್ಯೆಗೆ ಭೂಷಣ. ಒಂದು ಮಾತಂತೂ ಇದರಿಂದ ಸ್ಪಷ್ಟವಾಯಿತು. ಹೆಣ್ಣಿನ ಪುಷ್ಟಿಯನ್ನು ಒಂಬತ್ತು ತಿಂಗಳಲ್ಲಿ ತುಂಬಿಬಿಡಲಾಗದು. ಅದಕ್ಕೆ ಅವಳ ಬಾಲ್ಯವೇ ಬೇಕು.

ಮೂರನೆಯದಾಗಿ, ಸಣ್ಣ ಕೂಸನ್ನು ಬೇಗ ದಪ್ಪ ಮಾಡಿಬಿಡಬೇಕೆಂಬ ಆತುರ ಒಳ್ಳೆಯದಲ್ಲ. ದೆಹಲಿಯಲ್ಲಿ ಹುಟ್ಟಿನಿಂದ ಅಳೆಯುತ್ತ ಬಂದ ೧,೪೯೨ ಮಂದಿ ಪ್ರಾಯದವರಾದಾಗ ಪರೀಕ್ಷಿಸಿ ೨೦೦೪ರಲ್ಲಿ ಬರೆದ ವರದಿಯಂತೆ, ಎರಡು ವರ್ಷದೊಳಗೆ ತೆಳ್ಳಗಿದ್ದು, ಆಮೇಲೆ ಬಾಲ್ಯದುದ್ದಕ್ಕೂ ತಮ್ಮ ಓರಗೆಯವರನ್ನು ಮೀರಿ ಮೈ ಬೆಳೆಸಿಕೊಂಡವರಲ್ಲಿಯೇ ಸಕ್ಕರೆ ಕಾಯಿಲೆ ಹೆಚ್ಚಾಗಿ ತೋರಿತು. ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ, ಬಳಿಕ ಎರಡು ವರ್ಷದವರೆಗೂ ತಾಯಿಯ ಹಾಲಿನ ಜೊತೆಗೆ ಹದವಾದ ಮನೆಯ ಊಟ, ಓಡಿಯಾಡಲು ಅಂಗಳ ಇವಿಷ್ಟು ಮಗುವಿಗೆ ಬೇಕು. ಬಿಸ್ಕತ್ತಿನ ಪೊಟ್ಟಣಗಳಿಂದ ಬಂದ ಗುಂಡುಕೆನ್ನೆ ಆರೋಗ್ಯದ ಗುರುತಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಈ ಶೋಧನೆಗಳನ್ನು ಹಿಡಿದು ತಾಯಿಯನ್ನು ದೂರುವವರು ಹುಟ್ಟಿಕೊಂಡಾರೆಂಬ ಭಯ ನಮಗಿದೆ. ಕೂಸು ಸಣ್ಣದಾಗಿ ಹುಟ್ಟಿತೆಂದರೆ ನೆರೆದವರೆಲ್ಲ ಬಾಣಂತಿಯ ಮುಖವನ್ನು ನೋಡುವುದು ನಮ್ಮಲ್ಲಿ ವಾಡಿಕೆ. ಆಕೆ ಚಿಕ್ಕವಳಾಗಿದ್ದಾಗ ಅಣ್ಣನ ತಟ್ಟೆಗೆ ಬಿದ್ದ ತುಪ್ಪ ಅವಳ ತಟ್ಟೆಗೆ ಬಿದ್ದಿತೆ? ಅವಳಿಗೆ ಮದುವೆಯಾದುದು ಯಾವ ವಯಸ್ಸಿನಲ್ಲಿ? ಎಲ್ಲರ ಊಟವಾದ ಮೇಲೆ ಅವಳಿಗೆ ಉಳಿದುದೇನು? ಆರನೆಯ ತಿಂಗಳಿನಲ್ಲಿಯೂ ಬಾವಿಯಿಂದ ನೀರು ಸೇದಿದವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ತವರಿನವರು, ಅತ್ತೆಯ ಮನೆಯವರು, ಗಂಡ, ಸಮಾಜ, ಸರ್ಕಾರ ಇವರೆಲ್ಲರೂ. ಕೂಸಿನ ತೂಕವು ಒಬ್ಬಳ ತಪ್ಪಿನ ಅಳತೆಯಲ್ಲ. ಎರಡು ಮನೆಗಳು ಒಬ್ಬ ಹೆಣ್ಣನ್ನು ಹೇಗೆ ಸಾಕಿದುವೆಂಬುದರ ಅಳತೆ.

ಮನೆಯಲ್ಲಿ ಮಾಡತಕ್ಕದ್ದು

ಹಾಗಾದರೆ ಸಂಸಾರಸ್ಥರಾದ ನಾವು ಮಾಡತಕ್ಕದ್ದೇನು? ಗರ್ಭಿಣಿ ಹೆಚ್ಚಾಗಿ ಉಂಡರೆ ಕೂಸು ಬೆಳೆದು ಹೆರಿಗೆ ಕಷ್ಟವಾಗುವುದೆಂಬ ನಂಬಿಕೆ ಇನ್ನೂ ಕೆಲವು ಮನೆಗಳಲ್ಲಿದೆ, ಅದನ್ನು ಬಿಡಬೇಕು. ಇಬ್ಬರ ಊಟ ಉಣ್ಣಬೇಕೆಂದು ದಿನವೂ ಸಿಹಿ ತುರುಕುವ ಪ್ರೀತಿಯೂ ಹಿತವಲ್ಲ. ದಿನಕ್ಕೊಂದು ಬಗೆಯ ಸೊಪ್ಪು, ಬೇಳೆ ಕಾಳು, ಋತುವಿನ ಹಣ್ಣು, ಹಾಲು ಮೊಸರು, ರೂಢಿಯುಳ್ಳವರಿಗೆ ಮೊಟ್ಟೆ ಮೀನು ಇವು ಅವಳ ಎಲೆಗೆ ಮೊದಲು ಬೀಳಬೇಕು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಬೇಕು. ಶುದ್ಧ ಸಸ್ಯಾಹಾರಿಗಳಾದ ಮನೆಗಳಲ್ಲಿ ಬಿ-೧೨ರ ವಿಷಯವನ್ನು ವೈದ್ಯರೊಡನೆ ವಿಚಾರಿಸಬೇಕು. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ. ಅವುಗಳನ್ನು ಕಪಾಟಿನಲ್ಲಿ ಕೂಡಿಡಬಾರದು. ಕೂಸಿನ ಬೆನ್ನುಹುರಿಯ ದೋಷಗಳನ್ನು ತಡೆಯಲು ಫೋಲಿಕ್ ಆಮ್ಲವನ್ನು ಬಸುರಾಗುವುದಕ್ಕೆ ಮುಂಚಿನಿಂದಲೇ ತೆಗೆದುಕೊಳ್ಳಬೇಕೆಂಬುದು ಈಗ ನಿರ್ವಿವಾದವಾದ ಸಂಗತಿ. ಮೊದಲನೆಯ ಸಲ ವೈದ್ಯರಲ್ಲಿಗೆ ಹೋದಾಗಲೂ, ಆರನೆಯ ತಿಂಗಳ ಸುಮಾರಿಗೆ ಮತ್ತೊಮ್ಮೆಯೂ, ಗ್ಲೂಕೋಸಿನ ನೀರನ್ನು ಕುಡಿಸಿ ಎರಡು ಗಂಟೆಯ ಮೇಲೆ ಮಾಡುವ ಸಕ್ಕರೆಯ ಪರೀಕ್ಷೆಯನ್ನು ಮಾಡಿಸಬೇಕು.

ಆದರೆ ಎಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಬಸುರಿಯ ವಿಷಯದ್ದಲ್ಲ. ಈಗ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿರುವ ಎಂಟು ವರ್ಷದ ಹುಡುಗಿಯ ವಿಷಯದ್ದು. ಅವಳ ತಟ್ಟೆಗೆ ಇಂದು ಬೀಳುವ ಒಂದು ಸೌಟು ಮೊಸರು, ಅವಳನ್ನು ಶಾಲೆ ಬಿಡಿಸದೆ ಓದಿಸುವ ಇನ್ನು ಕೆಲವು ವರ್ಷಗಳು, ಮೈಬಲಿತ ಬಳಿಕವೇ ಅವಳ ಮದುವೆ ಇವುಗಳಿಂದ ಇನ್ನೂ ಹುಟ್ಟದ ಮೊಮ್ಮಗನ ಹೃದಯಕ್ಕೆ ನಾವು ರಕ್ಷೆ ಕಟ್ಟಿದಂತಾಗುತ್ತದೆ.

ಕಡೆಯದಾಗಿ ಮತ್ತೊಂದು ಸಣ್ಣ ಮಾತು. ಮಗು ಹುಟ್ಟಿದಾಗ ಆಸ್ಪತ್ರೆಯವರು ಕೊಡುವ ಚೀಟಿಯನ್ನೂ, ತಾಯಿಯ ಕಾರ್ಡನ್ನೂ ನಾಮಕರಣದ ಗಲಭೆಯಲ್ಲಿ ಕಳೆದುಬಿಡುವವರು ನಮ್ಮಲ್ಲಿ ಬಹಳ. ಜಾತಕವನ್ನು ಅರಿಸಿನ ಹಚ್ಚಿ ಪೆಟ್ಟಿಗೆಯಲ್ಲಿಡುವಂತೆ ಇದನ್ನೂ ಜೋಪಾನವಾಗಿಡಬೇಕು. ಮಿಷನ್ ಆಸ್ಪತ್ರೆಯ ದಾದಿಯರು ದೀಪದ ಬೆಳಕಿನಲ್ಲಿ ಬರೆದಿಟ್ಟ ಒಂದೊಂದು ಅಂಕಿಯೂ ಅರವತ್ತು ವರ್ಷದ ಮೇಲೆ ಬಾಯಿಬಿಟ್ಟು ಮಾತಾಡಿತಲ್ಲವೆ? ನಮ್ಮ ಮಕ್ಕಳ ಅಂಕಿಗಳು ಮುಂದೆ ಯಾರ ಉಪಕಾರಕ್ಕೆ ಬರುವುವೋ ಬಲ್ಲವರಾರು! ಅವು ಮಾತಾಡುವ ದಿನ ಬಂದಾಗ, ನಮ್ಮ ಮನೆಗಳಲ್ಲಿ ಹೆಣ್ಣು ಹೊಟ್ಟೆತುಂಬ ಉಂಡಿದ್ದಳೆಂದು ಸಾಕ್ಷಿ ಹೇಳಲಿ ಎಂಬುದೇ ನಮ್ಮ ಹಾರೈಕೆ.